ನೇಲ್ ಸ್ಟಿಕರ್ ತೆಗೆಯುವ ವಿಧಾನವನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಮಹಿಳಾ ಪುರವಣಿಯಲ್ಲಿ ಉಗುರಿಗೆ ಅಂಟಿಸುವ ಬಣ್ಣದ ಸ್ಟಿಕರ್‌ಗಳ ಬಗ್ಗೆ ಬಂದ ಬರಹವನ್ನು ಓದಿದೆ. ಮದುವೆಮನೆಗೆ ಹೊರಡುವ ಮುನ್ನ ಹತ್ತು ನಿಮಿಷ ಸಿಕ್ಕರೆ ಸಾಕು, ಪಾರ್ಲರ್ ಖರ್ಚೂ ಉಳಿಯುತ್ತದೆ ಎಂದು ಅದರಲ್ಲಿದೆ. ಎರಡೂ ನಿಜ. ಆದರೆ ಬರಹ ಅಂಟಿಸುವಲ್ಲಿಗೇ ನಿಂತುಬಿಟ್ಟಿದೆ. ಅಂಟಿಸಿದ್ದನ್ನು ತೆಗೆಯುವುದು ಹೇಗೆ, ಯಾವ ಬಗೆಯದನ್ನು ಕೊಳ್ಳಬೇಕು ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ. ಉಗುರು ಹಾಳಾಗುವುದು ಹೆಚ್ಚಾಗಿ ತೆಗೆಯುವಾಗಲೇ. ಆದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಬೆಟಗೇರಿಯಲ್ಲಿ ಬ್ಲೌಸ್ ಹೊಲಿಯುವವಳು. ಮನೆಯ ಪಡಸಾಲೆಯೇ ನನ್ನ ಅಂಗಡಿ. ದಿನವಿಡೀ ಕೈಯಲ್ಲಿ ಬೇರೆಯವರ ರೇಷ್ಮೆ ಇರುತ್ತದೆ. ನೇಲ್ ಪಾಲಿಶ್ ಹಚ್ಚಿಕೊಂಡವರಿಗೆ ಈ ಕೆಲಸ ಎಷ್ಟು ಕಷ್ಟ ಎಂಬುದು ಹೊಲಿಗೆಯವರಿಗೇ ಗೊತ್ತು. ಮೇಲೆ ಒಣಗಿದಂತೆ ಕಂಡ ಬಣ್ಣ ಒಳಗೆ ಇನ್ನೂ ಮೆತ್ತಗಿರುತ್ತದೆ. ಬಿಳಿ ಬಟ್ಟೆ ತಗುಲಿದರೆ ಕಲೆ ಕೂರುತ್ತದೆ. ಪೂರ್ತಿ ಒಣಗಿದ ಮೇಲೆ ತುದಿ ಚಕ್ಕೆಯೆದ್ದು ಜರಿಯ ಎಳೆಯನ್ನು ಹಿಡಿದೆಳೆಯುತ್ತದೆ. ತೆಗೆಯಲು ಹೋದರೆ ರಿಮೂವರ್‌ನ ಭಯ ಬೇರೆ. ಹೊಳೆಯುವ ಲೈನಿಂಗ್ ಬಟ್ಟೆಗಳಲ್ಲಿ ಕೆಲವು ಅಸಿಟೇಟ್ ನೂಲಿನವು. ಅವುಗಳ ಮೇಲೆ ಅಸಿಟೋನ್ ಇರುವ ರಿಮೂವರ್ ಬಿದ್ದರೆ ಕಲೆಯಾಗುವುದಲ್ಲ, ಬಟ್ಟೆಯೇ ಕರಗಿ ತೂತಾಗುತ್ತದೆ.

ಇದಕ್ಕಿಂತ ದೊಡ್ಡ ಕಾರಣ ನಮ್ಮ ಅತ್ತೆಯವರ ಉಬ್ಬಸ. ಪಾಲಿಶ್ ಸೀಸೆಯ ಮುಚ್ಚಳ ತೆರೆದರೆ ಅವರಿಗೆ ಕೆಮ್ಮು ಹತ್ತುತ್ತದೆ. ಬಿ.ಫಾರ್ಮಾ ಓದುತ್ತಿರುವ ನನ್ನ ತಂಗಿಯ ಮಗಳು ಇದನ್ನು ಬಿಡಿಸಿ ಹೇಳಿದಳು. ಪಾಲಿಶ್ ಎಂದರೆ ನೈಟ್ರೋಸೆಲ್ಯುಲೋಸ್ ಎಂಬ ವಸ್ತುವನ್ನು ಈಥೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್‌ನಂಥ ದ್ರಾವಕಗಳಲ್ಲಿ ಕರಗಿಸಿ ಬಣ್ಣ ಬೆರೆಸಿದ್ದು. ದ್ರಾವಕ ಆವಿಯಾಗಿ ಹೋದಾಗ ಉಗುರಿನ ಮೇಲೆ ಪೊರೆ ಉಳಿಯುತ್ತದೆ. ಬಣ್ಣ ಒಣಗುತ್ತಿದೆ ಎಂದರೆ ಆ ಆವಿ ಕೋಣೆಯಲ್ಲಿ ತುಂಬುತ್ತಿದೆ ಎಂದೇ ಅರ್ಥ. ಪಡಸಾಲೆಯಲ್ಲೇ ಮಲಗುವ ಉಬ್ಬಸದ ಹಿರಿಯರ ಪಕ್ಕದಲ್ಲಿ ಕುಳಿತು ಇದನ್ನು ಮಾಡುವುದು ನನಗೆ ಸರಿಯೆನಿಸಲಿಲ್ಲ. ಹಾಗಾಗಿ ಸ್ಟಿಕರ್ ಹಚ್ಚಿ ನೋಡಿದೆ.

ದುಡಿಯುವ ಕೈಗೆ ಬಣ್ಣವೇಕೆ ಎಂದು ಕೇಳುವವರಿದ್ದಾರೆ. ಅಳತೆ ತೆಗೆಯುವಾಗ ಗಿರಾಕಿಗಳ ಕಣ್ಣು ಮೊದಲು ಬೀಳುವುದು ನನ್ನ ಬೆರಳುಗಳ ಮೇಲೆ. ಅವು ಚೆಂದ ಕಾಣಲಿ ಎಂದು ನನಗೂ ಆಸೆಯಿದೆ, ಆ ಆಸೆಯಲ್ಲಿ ತಪ್ಪೇನೂ ಇಲ್ಲ. ನಮ್ಮ ಅವ್ವ ನಾಗರ ಪಂಚಮಿಗೆ ಗೋರಂಟಿ ಸೊಪ್ಪನ್ನು ಅರೆದು ಬೆರಳ ತುದಿಗೆ ಟೊಪ್ಪಿಗೆಯ ಹಾಗೆ ಮೆತ್ತುತ್ತಿದ್ದಳು. ಉಗುರಿಗೆ ಏರಿದ ಆ ಕೆಂಪು ತಿಂಗಳುಗಟ್ಟಲೆ ಇರುತ್ತಿತ್ತು. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ; ಬಣ್ಣ ಮೇಲಕ್ಕೆ ಸರಿದು, ಕತ್ತರಿಸಿದಷ್ಟೇ ಹೋಗುತ್ತದೆ. ಅದರಷ್ಟು ನಿರಪಾಯದ ಬಣ್ಣ ನನಗೆ ಇನ್ನೂ ಸಿಕ್ಕಿಲ್ಲ. ಆದರೆ ಸೀರೆಗೆ ಒಪ್ಪುವ ಬಣ್ಣ ಬೇಕೆನ್ನುವ ಈಗಿನ ಹುಡುಗಿಯರಿಗೆ ಒಂದೇ ಕೆಂಪು ಸಾಲುವುದಿಲ್ಲ.

ಪೇಟೆಯ ಫ್ಯಾನ್ಸಿ ಸ್ಟೋರ್‌ಗಳಲ್ಲಿ ಎಲ್ಲವನ್ನೂ ನೇಲ್ ಸ್ಟಿಕರ್ ಎಂದೇ ಮಾರುತ್ತಾರೆ. ಆದರೆ ಒಳಗಿನ ಸರಕು ಮೂರು ಬಗೆಯದು, ಮೂರನ್ನೂ ತೆಗೆಯುವ ರೀತಿ ಬೇರೆ ಬೇರೆ. ಮೊದಲನೆಯದು ನಿಜವಾದ ಪಾಲಿಶ್ ಅನ್ನೇ ತೆಳುವಾಗಿ ಹಾಸಿ ಮುಕ್ಕಾಲು ಒಣಗಿಸಿದ ಪಟ್ಟಿ. ಗಾಳಿಯಾಡದ ಪೊಟ್ಟಣದಲ್ಲಿ ಬರುತ್ತದೆ, ಒಡೆದಿಟ್ಟರೆ ಬಿರುಸಾಗಿ ಮುರಿಯುತ್ತದೆ. ಇದನ್ನು ತೆಗೆಯಲು ಮಾಮೂಲಿ ರಿಮೂವರ್ ಸಾಕು. ಎರಡನೆಯದು ವಿನೈಲ್, ಅಂದರೆ ಪ್ಲಾಸ್ಟಿಕ್ ಹಾಳೆ. ಹೇರ್ ಡ್ರೈಯರ್‌ನ ಬಿಸಿಗೆ ಹಿಡಿದು ಮೆತ್ತಗಾದ ಮೇಲೆ ಒತ್ತಬೇಕು. ತೆಗೆಯುವಾಗಲೂ ಬೆಚ್ಚಗೆ ಮಾಡಿ ಎಣ್ಣೆ ಬಿಡಬೇಕು. ಮೂರನೆಯದು ಅರ್ಧ ಗಟ್ಟಿಯಾದ ಜೆಲ್. ಅಂಟಿಸಿದ ಮೇಲೆ ಪುಟ್ಟ ಯುವಿ (ನೇರಳಾತೀತ ಬೆಳಕಿನ) ದೀಪದ ಕೆಳಗೆ ಬೆರಳಿಟ್ಟು ಗಟ್ಟಿಮಾಡಬೇಕು.

ಈ ಮೂರನೆಯದರ ಬಗ್ಗೆ ಪುರವಣಿ ಎಚ್ಚರಿಸಲೇಬೇಕಿತ್ತು. ಜೆಲ್‌ನಲ್ಲಿ ಅಕ್ರಿಲೇಟ್ ಬಳಗದ ರಾಸಾಯನಿಕಗಳಿರುತ್ತವೆ. ಸರಿಯಾಗಿ ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಾಗುತ್ತಿದ್ದರೆ ಕೆಲವರಿಗೆ ಅಲರ್ಜಿ ಶುರುವಾಗುತ್ತದೆ, ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಹಲ್ಲಿಗೆ ತುಂಬುವ ಕೆಲವು ವಸ್ತುಗಳಲ್ಲೂ ಇದೇ ಬಳಗದ ರಾಸಾಯನಿಕಗಳಿರುವುದರಿಂದ ಮುಂದೆ ದಂತವೈದ್ಯರ ಬಳಿಯೂ ತೊಂದರೆಯಾಗಬಹುದು. ಜೆಲ್ ಗಟ್ಟಿಯಾಗಲು ಬೆರೆಸುತ್ತಿದ್ದ ಟಿಪಿಒ ಎಂಬ ರಾಸಾಯನಿಕವನ್ನು ಯುರೋಪಿಯನ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ದೀಪದ ವಿಷಯಕ್ಕೆ ಬಂದರೆ, ಸ್ಯಾನ್ ಡಿಯಾಗೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಮ್ಮೆ 20 ನಿಮಿಷ ಈ ಬೆಳಕಿಗೆ ಒಡ್ಡಿದ ಜೀವಕೋಶಗಳಲ್ಲಿ ಶೇ 20ರಿಂದ 30ರಷ್ಟು ಸತ್ತವು. ಅದು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಮಾಡಿದ ಪರೀಕ್ಷೆ, ಮನುಷ್ಯರ ಕೈಯ ಮೇಲಲ್ಲ. ಸ್ಟಿಕರ್‌ಗೆ ಅಷ್ಟು ಹೊತ್ತು ದೀಪ ಬೇಕಾಗುವುದೂ ಇಲ್ಲ. ಹೆದರಿಸಲು ಇದನ್ನು ಹೇಳುತ್ತಿಲ್ಲ. ದೀಪ ಬೇಡದ ಎರಡು ಬಗೆಗಳು ಇರುವಾಗ, ಹೈಸ್ಕೂಲಿನ ಮಕ್ಕಳ ಕೈಗೆ ಮೂರನೆಯದನ್ನು ಏಕೆ ಕೊಡಬೇಕು?

ನನಗೆ ಹೊಂದಿದ್ದು ಮೊದಲನೆಯದು. ವಾಸನೆ ತೀರಾ ಕಡಿಮೆ, ಅತ್ತೆಯವರು ಕೆಮ್ಮಲಿಲ್ಲ. ಅಂಟಿಸಿದ ಸ್ವಲ್ಪ ಹೊತ್ತಿಗೇ ಸೂಜಿ ಹಿಡಿದು ಹೆಮ್ಮಿಂಗ್‌ಗೆ ಕೂತೆ. ರೇಷ್ಮೆಗೆ ಕಲೆಯೂ ಇಲ್ಲ, ಎಳೆಯೂ ಸಿಕ್ಕಲಿಲ್ಲ. ಇದಕ್ಕೆ ಅಳತೆ ಮುಖ್ಯ. ಪಟ್ಟಿ ಉಗುರಿಗಿಂತ ಕೂದಲೆಳೆಯಷ್ಟು ಸಣ್ಣದಿರಬೇಕು. ಚರ್ಮದ ಮೇಲೆ ಹತ್ತಿದರೆ ಅಲ್ಲಿಂದಲೇ ಏಳಲು ಶುರು. ಕೈ ತೊಳೆದು ಒರೆಸಿ, ಉಗುರಿನ ಜಿಡ್ಡು ಹೋಗುವಂತೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಬ್ಲೌಸಿನ ಕೊರಳಿಗೆ ಕ್ರಾಸ್ ಪಟ್ಟಿ ಕೂರಿಸುವ ಹಾಗೆ ನಡುವಿನಿಂದ ಅಂಚಿಗೆ ಸವರುತ್ತಾ ಹೋದರೆ ಸುಕ್ಕು ಬರುವುದಿಲ್ಲ. ತುದಿಯಲ್ಲಿ ಉಳಿದದ್ದನ್ನು ಮಡಚಿ, ಅರದಿಂದ ಮೇಲಿನಿಂದ ಕೆಳಕ್ಕೆ ಮಾತ್ರ ಉಜ್ಜಬೇಕು. ಹಿಂದೆ ಮುಂದೆ ಉಜ್ಜಿದರೆ ಅಂಚು ಹರಿಯುತ್ತದೆ.

ನಮ್ಮ ಕಡೆಯ ಮನೆಗೆಲಸವನ್ನು ಮರೆತು ಈ ಸರಕನ್ನು ಹೊಗಳುವಂತಿಲ್ಲ. ಜೋಳದ ಹಿಟ್ಟಿಗೆ ಕುದಿನೀರು ಹಾಕಿ ನಾದಿ, ರೊಟ್ಟಿ ಬಡಿಯುವ ಕೈಯಲ್ಲಿ ವಿನೈಲ್ ಸ್ಟಿಕರ್ ನಿಲ್ಲುವುದಿಲ್ಲ. ಬಿಸಿಗೆ ಮೆತ್ತಗಾಗುವುದೇ ಅದರ ಗುಣ. ಪಾಲಿಶ್ ಪಟ್ಟಿ ಸ್ವಲ್ಪ ಹೆಚ್ಚು ತಾಳುತ್ತದೆ, ಆದರೆ ಅಂಚಿನಲ್ಲಿ ಹಿಟ್ಟು ಕೂರುತ್ತದೆ. ಅಡುಗೆ ಮಾಡುವವರು ಉಗುರನ್ನು ಮೋಟಾಗಿ ಕತ್ತರಿಸಿಕೊಂಡೇ ಅಂಟಿಸಬೇಕು, ಅಂಚು ಎದ್ದ ದಿನವೇ ತೆಗೆದುಬಿಡಬೇಕು. ಎದ್ದ ಪಟ್ಟಿಯಡಿ ಪಾತ್ರೆ ತೊಳೆದ ನೀರು ನಿಂತು ತೇವವಾದರೆ ಸೋಂಕು ಹತ್ತಿ ಉಗುರು ಹಸಿರುಗಟ್ಟುವುದುಂಟು. ಆ ಬಣ್ಣ ಕಂಡರೆ ಮತ್ತೊಂದು ಸ್ಟಿಕರ್ ಅಂಟಿಸಿ ಮುಚ್ಚದೆ ಚರ್ಮದ ವೈದ್ಯರಿಗೆ ತೋರಿಸಬೇಕು.

ಈಗ ತೆಗೆಯುವ ವಿಷಯ. ಬ್ಲೌಸ್ ಒಯ್ಯಲು ಬಂದ ಮದುಮಗಳೊಬ್ಬಳು ನನ್ನೆದುರಿಗೇ ಕುಳಿತು, ಮಾತಾಡುತ್ತಾ ಮಾತಾಡುತ್ತಾ ಸ್ಟಿಕರ್‌ನ ಅಂಚನ್ನು ಹಲ್ಲಿನಿಂದ ಕಚ್ಚಿ ಎಳೆದಳು. ಬಣ್ಣದ ಜೊತೆಗೆ ಉಗುರಿನ ಮೇಲ್ಪದರವೂ ಬಿಳಿ ಪುಡಿಯಾಗಿ ಕಿತ್ತು ಬಂತು. ಮದುವೆಗೆ ವಾರವೂ ಇರಲಿಲ್ಲ. ಉಗುರು ಎಂದರೆ ಸತ್ತ ಜೀವಕೋಶಗಳ ಪದರಗಳು. ಕಿತ್ತುಹೋದ ಭಾಗ ಗಾಯದಂತೆ ಮಾಯುವುದಿಲ್ಲ, ಬುಡದಿಂದ ಹೊಸದು ಬೆಳೆದು ಬರಬೇಕು, ಅದಕ್ಕೆ ತಿಂಗಳುಗಳೇ ಬೇಕು. ಆ ಹುಡುಗಿಯ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ನನಗೆ ಬಹಳ ಸಂಕಟವಾಯಿತು. ಅವಳ ಪೊಟ್ಟಣವನ್ನು ತರಿಸಿ ನೋಡಿದೆ. ಹೂವಿನ ಚಿತ್ರವಿತ್ತು, ಚೀನೀ ಅಕ್ಷರಗಳಿದ್ದವು. ಪಟ್ಟಿಯಡಿ ಎಣ್ಣೆ ಬಿಟ್ಟು, ಬೆಚ್ಚನೆಯ ಸೋಪಿನ ನೀರಲ್ಲಿ ಹತ್ತು ನಿಮಿಷ ನೆನೆಸಿ, ಪಕ್ಕದಿಂದ ಮೆಲ್ಲಗೆ ಸರಿಸಬೇಕು ಎಂದು ಕನ್ನಡದಲ್ಲಿ ಎರಡು ಸಾಲಿದ್ದಿದ್ದರೆ ಅವಳ ಉಗುರು ಉಳಿಯುತ್ತಿತ್ತು.

ಇಂಥ ಪೊಟ್ಟಣಗಳಿಗೆ ಕಾನೂನು ಇಲ್ಲವೆಂದಲ್ಲ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯು ಅಂದ ಹೆಚ್ಚಿಸಲು ಮೈಗೆ ಉಜ್ಜುವ, ಸಿಂಪಡಿಸುವ ಅಥವಾ ಬೇರೆ ಯಾವುದೇ ರೀತಿಯಲ್ಲಿ ಹಚ್ಚುವ ವಸ್ತುಗಳನ್ನು ಸೌಂದರ್ಯವರ್ಧಕ ಎಂದು ಕರೆಯುತ್ತದೆ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಅವುಗಳ ಮೇಲೆ ತಯಾರಕರ ಹೆಸರು, ವಿಳಾಸ, ಬ್ಯಾಚ್ ಸಂಖ್ಯೆ, ಯಾವ ದಿನಾಂಕದೊಳಗೆ ಬಳಸಬೇಕು ಎಂಬ ವಿವರ ಇರಬೇಕು. ಹೊರದೇಶದ್ದಾದರೆ ಆಮದುದಾರರ ವಿಳಾಸ ಮತ್ತು ನೋಂದಣಿ ಸಂಖ್ಯೆಯೂ ಬೇಕು. ಪಾಲಿಶ್ ಮತ್ತು ಜೆಲ್ ಪಟ್ಟಿಗಳು ಇದರ ಹೊರಗೆ ಉಳಿಯುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ. ಆಟಿಕೆಯ ಸ್ಟಿಕರ್‌ಗಳ ಪಕ್ಕದಲ್ಲೇ ಅವನ್ನು ನೇತುಹಾಕಿ ಮಾರುತ್ತಿರುವುದನ್ನು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳು ಒಮ್ಮೆ ಪೇಟೆಗೆ ಬಂದು ನೋಡಲಿ. ಅಂಗಡಿಯವರನ್ನು ಪೀಡಿಸಿ ಎಂದು ನಾನು ಹೇಳುತ್ತಿಲ್ಲ. ಅವರೂ ಸಗಟು ವ್ಯಾಪಾರಿ ಕಳಿಸಿದ್ದನ್ನೇ ಮಾರುವವರು. ಸರಕು ಎಲ್ಲಿಂದ ಹೊರಡುತ್ತದೆಯೋ ಅಲ್ಲಿ ಕೇಳಬೇಕು.

ಇನ್ನೊಂದು ಸಂಗತಿ ಚಿಕ್ಕದಾದರೂ ಬಿಡುವಂತಿಲ್ಲ. ನನ್ನ ಅತ್ತಿಗೆಯನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಸೇರಿಸಿದಾಗ ನರ್ಸ್ ಮೊದಲು ಬೆರಳಿಗೆ ಆಕ್ಸಿಮೀಟರ್ ಹಾಕಿದರು. ಆ ಉಪಕರಣ ಬೆರಳಿನ ಮೂಲಕ ಬೆಳಕು ಹಾಯಿಸಿ ರಕ್ತದ ಆಮ್ಲಜನಕವನ್ನು ಅಳೆಯುತ್ತದೆ; ಗಾಢ ಬಣ್ಣ ಅಡ್ಡವಿದ್ದರೆ ಅಳತೆ ತಪ್ಪಬಹುದು. ಪಾಲಿಶ್ ಆದರೆ ವಾರ್ಡಿನಲ್ಲಿ ಒರೆಸಿಬಿಡುತ್ತಾರೆ. ಗಟ್ಟಿ ಸ್ಟಿಕರ್ ಅಂಥ ಹೊತ್ತಿನಲ್ಲಿ ಸುಲಭಕ್ಕೆ ಬರುವುದಿಲ್ಲ. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರು, ಹೆರಿಗೆಯ ದಿನ ಹತ್ತಿರವಿರುವವರು ಮನೆಯಲ್ಲೇ ತೆಗೆದುಕೊಂಡು ಹೋಗಲಿ.

ಸಂಪಾದಕರೇ, ನಿಮ್ಮ ಪುರವಣಿಯನ್ನು ನಮ್ಮ ಓಣಿಯ ಹೆಣ್ಣುಮಕ್ಕಳು ಒಬ್ಬರ ಕೈಯಿಂದ ಒಬ್ಬರು ಇಸಿದುಕೊಂಡು ಓದುತ್ತಾರೆ. ಅದರಲ್ಲಿ ಬಂದದ್ದನ್ನು ಮರುದಿನವೇ ಪೇಟೆಗೆ ಹೋಗಿ ಕೊಳ್ಳುವವರೂ ಇದ್ದಾರೆ. ಮುಂದಿನ ಸಂಚಿಕೆಯಲ್ಲಿ ಚರ್ಮದ ವೈದ್ಯರೊಬ್ಬರಿಂದ ಈ ಮೂರು ಬಗೆಗಳನ್ನು ಗುರುತಿಸುವುದು ಮತ್ತು ಬಿಡಿಸುವುದು ಹೇಗೆಂದು ಬರೆಸಿ, ಚಿತ್ರಸಹಿತ ಪ್ರಕಟಿಸಿ. ಮದುವೆಯ ಹಂಗಾಮು ಶುರುವಾಗುವ ಮೊದಲೇ ಅದು ಬಂದರೆ ನನ್ನ ಮನೆಯ ಗೋಡೆಗೆ ಕತ್ತರಿಸಿ ಅಂಟಿಸುತ್ತೇನೆ, ಬ್ಲೌಸ್ ಅಳತೆಗೆ ಬರುವ ಪ್ರತಿಯೊಬ್ಬ ಮದುಮಗಳಿಗೂ ಓದಿಸುತ್ತೇನೆ.

ಇಂತಿ ನಿಮ್ಮ ಓದುಗಿ,
ಬೆಟಗೇರಿ, ಗದಗ ಜಿಲ್ಲೆ