ಬ್ರ್ಯಾಂಡ್ ಹೆಸರು ಹುಡುಕಲು ಜಿಲ್ಲೆಯಲ್ಲೇ ನೆರವು ಸಿಗಲಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿಯಲ್ಲಿ ಮಸಾಲೆ, ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿಯಂಥ ಪದಾರ್ಥಗಳಿಗೆ ಪೌಚ್ ಮುದ್ರಿಸಿಕೊಡುವ ಕೆಲಸ ನನ್ನದು. ಬರುವವರಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಹೆಚ್ಚು. ಎಫ್‌ಎಸ್‌ಎಸ್‌ಎಐ ಆಹಾರ ಲೈಸೆನ್ಸ್, ಜಿಎಸ್‌ಟಿ, ಸಣ್ಣ ಉದ್ಯಮದ ‘ಉದ್ಯಮ್’ ನೋಂದಣಿ ಕಾಗದಗಳನ್ನೆಲ್ಲ ಜೋಡಿಸಿಕೊಂಡೇ ಬಂದಿರುತ್ತಾರೆ. ‘ಈ ಹೆಸರು ಬೇರೆ ಯಾರದ್ದಾದರೂ ಇದೆಯೇ ನೋಡಿಸಿದ್ದೀರಾ’ ಎಂದು ಕೇಳಿದರೆ, ‘ಲೈಸೆನ್ಸ್ ಕೊಟ್ಟಾರಲ್ರಿ’ ಎಂಬ ಉತ್ತರ. ಆ ಯಾವ ಕಾಗದವೂ ಬ್ರ್ಯಾಂಡ್ ಹೆಸರಿನ ಮೇಲೆ ಹಕ್ಕು ಕೊಡುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಕಳೆದ ವರ್ಷ ಇಂಥದೇ ಒಂದು ಸಂಘಕ್ಕೆ ಹೊರರಾಜ್ಯದ ಕಂಪನಿಯೊಂದರಿಂದ ವಕೀಲರ ನೋಟಿಸ್ ಬಂತು. ಟ್ರೇಡ್‌ಮಾರ್ಕ್‌ಗೆ, ಅಂದರೆ ಬ್ರ್ಯಾಂಡ್ ಹೆಸರಿನ ನೋಂದಣಿಗೆ ಅರ್ಜಿ ಹಾಕಿಕೊಟ್ಟ ಏಜೆಂಟ್ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ವೆಬ್‌ಸೈಟ್‌ನಲ್ಲಿ ಒಂದೇ ಕಾಗುಣಿತ ಹಾಕಿ ನೋಡಿ ‘ಖಾಲಿ ಇದೆ’ ಎಂದಿದ್ದ. ನಮ್ಮ ಹೆಸರುಗಳ ತೊಡಕೇ ಅದು. ಲಕ್ಷ್ಮಿಯನ್ನು ಇಂಗ್ಲಿಷಿನಲ್ಲಿ ಕೆಎಸ್‌ಎಚ್ ಹಾಕಿಯೂ ಬರೆಯುತ್ತಾರೆ, ಎಕ್ಸ್ ಹಾಕಿಯೂ ಬರೆಯುತ್ತಾರೆ. ಉಚ್ಚಾರಣೆಯ ಮೇಲೆ ಹುಡುಕುವ ಸೌಲಭ್ಯ ಅಲ್ಲೇ ಉಂಟು, ಬಳಸುವವರು ಕಡಿಮೆ. ನೋಂದಣಿಗೆ ಸರಕು, ಸೇವೆಗಳನ್ನು ವಿಂಗಡಿಸಿದ ವರ್ಗವೂ ಗೊತ್ತಿರಬೇಕು: ಮಸಾಲೆ 30ರಲ್ಲಿ, ಉಪ್ಪಿನಕಾಯಿ 29ರಲ್ಲಿ, ಅಂಗಡಿ 35ರಲ್ಲಿ. ಪೌಚ್‌ನ ಒಂದೊಂದು ಬಣ್ಣಕ್ಕೂ ಒಂದೊಂದು ಸಿಲಿಂಡರ್ ಕೆತ್ತಿಸಬೇಕು. ಹೆಸರು ಬದಲಾಯಿತೆಂದರೆ ಆ ಕೆತ್ತನೆಯ ಖರ್ಚೂ ಹೋಯಿತು, ಮುದ್ರಿಸಿಟ್ಟ ರೋಲ್‌ಗಳೂ ಗುಜರಿಗೆ. ಆ ಹೆಣ್ಣುಮಕ್ಕಳು ಸಾಲದ ಕಂತನ್ನು ಮಾತ್ರ ಕಟ್ಟುತ್ತಲೇ ಇದ್ದಾರೆ.

ಸರಿಯಾಗಿ ಹುಡುಕಿದರೂ ಎಲ್ಲವೂ ಕಾಣುವುದಿಲ್ಲ. ವಿದೇಶದಲ್ಲಿ ಮೊದಲು ಅರ್ಜಿ ಹಾಕಿದವರು ಆರು ತಿಂಗಳೊಳಗೆ ಇಲ್ಲಿ ಅರ್ಜಿ ಹಾಕಿ, ಇಲ್ಲಿನ ಅರ್ಜಿಗೂ ಆ ವಿದೇಶಿ ಅರ್ಜಿಯ ದಿನಾಂಕವನ್ನೇ ಕೇಳಬಹುದು. ನೋಂದಣಿಯನ್ನೇ ಮಾಡಿಸದೆ ಹತ್ತಾರು ವರ್ಷ ವ್ಯಾಪಾರ ಮಾಡಿದವರ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ, ಆದರೆ ಮೊದಲು ಬಳಸಿದವರ ಹಕ್ಕನ್ನು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 34ನೇ ಕಲಂ ಕಾಪಾಡುತ್ತದೆ. ಅರ್ಜಿ ಒಪ್ಪಿಗೆಯಾಗಿ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೂ ಯಾರು ಬೇಕಾದರೂ ಆಕ್ಷೇಪ ಎತ್ತಲು ನಾಲ್ಕು ತಿಂಗಳ ಅವಕಾಶವಿದೆ. ಅರ್ಜಿ ಸಂಖ್ಯೆ ಸಿಕ್ಕ ದಿನವೇ ‘ಹೆಸರು ನಿಮ್ಮದಾಯಿತು’ ಎಂದು ನಂಬಿಸುವ ಮಧ್ಯವರ್ತಿಗಳ ಮೇಲೆ ನನಗೆ ಸಿಟ್ಟಿದೆ.

ವ್ಯಾಜ್ಯ ಎಷ್ಟು ಎಳೆಯುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆಯಿದೆ. ಕೆಎಂಎಫ್ 1985ರಿಂದ ‘ನಂದಿನಿ’ ಹೆಸರು ಬಳಸುತ್ತಿದೆ, ನಂದಿನಿ ಡಿಲಕ್ಸ್ ಹೋಟೆಲ್ 1989ರಿಂದ. ರಿಜಿಸ್ಟ್ರಿ 2007ರಲ್ಲಿ ಹೋಟೆಲ್ ಪರ ಆದೇಶ ಕೊಟ್ಟಿತು. ಮೇಲ್ಮನವಿ ಮಂಡಳಿಯಲ್ಲಿ, ಹೈಕೋರ್ಟ್‌ನಲ್ಲಿ ಅದು ತಿರುವುಮುರುವಾಯಿತು. ಕೊನೆಗೆ ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಬಿಟ್ಟು ಹೋಟೆಲ್‌ನವರು ಆ ಹೆಸರು ಬಳಸಬಹುದು ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದ್ದು 2018ರಲ್ಲಿ. ಅಷ್ಟು ವರ್ಷ ತಾಳುವ ಶಕ್ತಿ ಚಟ್ನಿಪುಡಿ ಮಾರುವ ಸಂಘಕ್ಕೆ ಎಲ್ಲಿಂದ ಬರಬೇಕು?

ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ ಇರುವ ಪಿಎಂಎಫ್‌ಎಂಇ ಯೋಜನೆಯ ಕೇಂದ್ರ ನಿಯಮದಂತೆ ಯಂತ್ರಕ್ಕೆ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಹಾಯಧನವಿದೆ; ಅದನ್ನು ಕೇಂದ್ರ, ರಾಜ್ಯ ಎರಡೂ ಹಂಚಿಕೊಂಡು ಕೊಡುತ್ತವೆ. ಯೋಜನಾ ವರದಿ, ಬ್ಯಾಂಕ್ ಸಾಲ, ಲೈಸೆನ್ಸ್‌ಗಳಿಗೆ ನೆರವಾಗಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳೂ ಇದ್ದಾರೆ. ಹೆಸರು ಹುಡುಕುವ ತರಬೇತಿಯನ್ನು ಅವರಿಗೆ ಕೊಡಲಿ. ಎಲ್ಲ ಕಾಗುಣಿತಗಳಲ್ಲಿ, ಸಂಬಂಧಪಟ್ಟ ಎಲ್ಲ ವರ್ಗಗಳಲ್ಲಿ ಹುಡುಕಿದ ವರದಿಯನ್ನು ಸಾಲದ ಕಡತಕ್ಕೇ ಲಗತ್ತಿಸಲಿ. ಕನ್ನಡ ಅಕ್ಷರದಲ್ಲೇ ಟೈಪ್ ಮಾಡಿ ಹುಡುಕುವ ವ್ಯವಸ್ಥೆಯನ್ನು ರಾಜ್ಯದ ಸಂಸದರು ದೆಹಲಿಯಲ್ಲಿ ಕೇಳಲಿ. ಅರ್ಜಿ ಶುಲ್ಕವೇ ಒಂದು ವರ್ಗಕ್ಕೆ 4,500 ರೂಪಾಯಿ. ಹೆಸರು ತಿರಸ್ಕಾರವಾದರೆ ಅದು ವಾಪಸ್ ಬರುವುದಿಲ್ಲ.

– ಪೌಚ್ ಮುದ್ರಣ ಘಟಕದ ಮಾಲೀಕ, ಹುಬ್ಬಳ್ಳಿ