ಆ ಹತ್ತು ಅಂಕಿ ಒತ್ತಿದ ಕೈಗಳಿಗೆ

ಖರಗ್‌ಪುರ ಐಐಟಿಯಲ್ಲಿ ಓದಿದ ಅನೀಶ್ ರೆಡ್ಡಿ ಮತ್ತು ಸಂಗಡಿಗರು 2008ರಲ್ಲಿ ಶುರುಮಾಡಿದ, ಅಂಗಡಿಗಳು ಗಿರಾಕಿಗಳಿಗೆ ಪಾಯಿಂಟ್ ಕೊಡಲು ಬಳಸುವ ಸಾಫ್ಟ್‌ವೇರ್ ಮಾಡುವ ಬೆಂಗಳೂರಿನ ಕ್ಯಾಪಿಲರಿ ಟೆಕ್ನಾಲಜೀಸ್ 2025ರ ನವೆಂಬರ್‌ನಲ್ಲಿ ಷೇರುಪೇಟೆಗೆ ಬಂತು. 2021ರ ಕೊನೆಗೊಮ್ಮೆ ಐಪಿಒಗೆ ಅರ್ಜಿ ಹಾಕಿ ಅದು ಕೈಗೂಡದೆ, 2023ರಲ್ಲಿ ಅಮೆರಿಕದ ಬ್ರಿಯರ್ಲಿ ಕಂಪನಿಯನ್ನು ಕೊಂಡು, ಮತ್ತೆ ಅರ್ಜಿ ಹಾಕಿ ಮುಟ್ಟಿದ ಮಜಲು ಇದು. ಅವರಿಗೆ ಅಭಿನಂದನೆ. ಆದರೆ ಈ ಬರಹ ಆ ಕಂಪನಿಯ ಪರವಾಗಿ ಬರೆದದ್ದಲ್ಲ. ಅಂಗಡಿಗಳಿಗೆ ಪಾಯಿಂಟ್, ಆಫರ್, ಮೆಸೇಜ್ ಸಾಫ್ಟ್‌ವೇರ್ ಕೂರಿಸಿ ನಡೆಸುವ ಕಸುಬಿನವರು ನಾವು. ಷೇರುಪೇಟೆಯಲ್ಲಿ ಗಂಟೆ ಬಾರಿಸುವ ಪಟಗಳಲ್ಲಿ ಸ್ಥಾಪಕರು ಇರುತ್ತಾರೆ, ಹಣ ಹಾಕಿದವರು ಇರುತ್ತಾರೆ, ಕ್ಯಾಷಿಯರ್ ಇರುವುದಿಲ್ಲ. ಆ ಬಾಕಿ ತೀರಿಸಲು ಇಷ್ಟು.

ಮೊದಲ ನಮಸ್ಕಾರ ಬಿಲ್ಲಿಂಗ್ ಕೌಂಟರಿಗೆ. ಪ್ಲಾಸ್ಟಿಕ್ ಕಾರ್ಡ್ ಹೋಗಿ ಮೊಬೈಲ್ ನಂಬರೇ ಸದಸ್ಯತ್ವವಾದ ಮೇಲೆ ಈ ಉದ್ಯಮದ ಇಡೀ ಭಾರ ಹತ್ತು ಅಂಕಿಗಳ ಮೇಲೆ ಬಿತ್ತು. ಕ್ಯಾಷಿಯರ್ ನಂಬರ್ ಕೇಳಬೇಕು, ಒತ್ತಬೇಕು, ಹೆಸರು ಸರಿಯೇ ಎಂದು ನೋಡಬೇಕು, ಪಾಯಿಂಟ್ ಬಳಸುವುದಾದರೆ ಓಟಿಪಿ ಪಡೆಯಬೇಕು, ಆಮೇಲೆ ಬಿಲ್. ಹಿಂದೆ ಆರು ಜನರ ಸಾಲು. ಒಂದು ಅಂಕಿ ತಪ್ಪಿದರೆ ಯಾರದೋ ಸೀರೆಯ ಪಾಯಿಂಟ್ ಇನ್ಯಾರದೋ ಖಾತೆಗೆ. 6ರಿಂದ 9ರೊಳಗೆ ಶುರುವಾಗದ ನಂಬರನ್ನು ಸಾಫ್ಟ್‌ವೇರ್ ತಡೆಯಬಲ್ಲದು, 9999999999 ಅನ್ನೂ ತಡೆಯಬಲ್ಲದು. ನಡುವೆ ಎಲ್ಲೋ 8ರ ಬದಲು 3 ಒತ್ತಿದ್ದನ್ನು ತಡೆಯಲಾರದು. ನಂಬರನ್ನು ಗಿರಾಕಿಗೆ ತಿರುಗಿ ಓದಿ ಹೇಳುವ ಕ್ಯಾಷಿಯರ್ ಮಾತ್ರ ತಡೆಯಬಲ್ಲರು.

ಕ್ಯಾಷಿಯರ್‌ಗಳ ಮೇಲೆ ಹೆಡ್ ಆಫೀಸಿನ ಒಂದು ಹಳೆಯ ದೂರು ಇದೆ: ನಂಬರ್ ಕೊಡದ ಗಿರಾಕಿಯ ಬಿಲ್ಲಿಗೆ ತಮ್ಮದೋ ಭಾವಮೈದುನನದೋ ನಂಬರ್ ಹಾಕಿ ಪಾಯಿಂಟ್ ಗುಡ್ಡೆ ಹಾಕುತ್ತಾರೆ ಎಂದು. ಹಾಕುತ್ತಾರೆ, ನಿಜ. ಆದರೆ ನೂರರಲ್ಲಿ ತೊಂಬತ್ತು ಬಿಲ್ಲಿಗೆ ನಂಬರ್ ಬರಲೇಬೇಕು ಎಂದು ಗುರಿ ಕೊಟ್ಟು, ಪರದೆಯ ಮೇಲೆ ಆ ಜಾಗ ತುಂಬದೆ ಮುಂದೆ ಹೋಗಲು ಬಿಡದಿದ್ದರೆ ಅವರು ಇನ್ನೇನು ಮಾಡಿಯಾರು? ‘ಬೇಡ ಅಂದರು’ ಎಂಬ ಗುಂಡಿ ಕೊಡಿ, ಅದನ್ನು ನಮ್ಮ ಲೆಕ್ಕದಲ್ಲಿ ತಪ್ಪೆಂದು ಹಿಡಿಯಬೇಡಿ ಎಂದು ಕೇಳಿದ್ದು ಕೌಂಟರಿನವರೇ. ಆ ಗುಂಡಿಯ ಜೊತೆಗೆ, ಒಂದೇ ನಂಬರಿಗೆ ಒಂದೇ ಅಂಗಡಿಯಲ್ಲಿ ದಿನಕ್ಕೆ ಮೂರಕ್ಕಿಂತ ಹೆಚ್ಚು ಬಿಲ್ ಬಿದ್ದರೆ ಮ್ಯಾನೇಜರ್ ಪಟ್ಟಿಗೆ ಹೋಗುವಂತೆ ಮಾಡಿ. ಎರಡೂ ಒಟ್ಟಿಗೆ ಇದ್ದರೆ ಕೆಲಸ ಮಾಡುತ್ತವೆ. ಎರಡನೆಯದೊಂದೇ ಇದ್ದರೆ ಒಂದು ನಂಬರಿನ ಬದಲು ಹತ್ತು ನಂಬರ್ ಹುಟ್ಟಿಕೊಳ್ಳುತ್ತವೆ, ಅಷ್ಟೇ.

ಅಂಗಡಿಯ ಕಂಪ್ಯೂಟರ್ ನೋಡಿಕೊಳ್ಳುವವರಿಗೆ, ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದವರಿಗೆ ನಾವು ತೀರಿಸಬೇಕಾದ ದೊಡ್ಡ ಋಣ ಇದೆ. ನೆಟ್ ಹೋದರೆ ಬಿಲ್ ನಿಲ್ಲಬಾರದು ಎಂಬ ಪಾಠ ಅವರದು. ಎರಡು ಮೂರು ಸೆಕೆಂಡಿನಲ್ಲಿ ನಮ್ಮ ಸರ್ವರ್ ಉತ್ತರಿಸದಿದ್ದರೆ ಬಿಲ್ ಮುಂದೆ ಹೋಗಬೇಕು, ಅಂಗಡಿಯ ಕಂಪ್ಯೂಟರಿನಲ್ಲೇ ಉಳಿದು ಆಮೇಲೆ ನಮ್ಮ ಸರ್ವರಿಗೆ ಬರಬೇಕು. ಪಾಯಿಂಟ್ ಗಳಿಸುವುದಕ್ಕೆ ನೆಟ್ ಬೇಕಿಲ್ಲ, ಖರ್ಚು ಮಾಡುವುದಕ್ಕೆ ಬೇಕೇ ಬೇಕು. ಇಲ್ಲವಾದರೆ ಅದೇ 500 ಪಾಯಿಂಟನ್ನು ಜಯನಗರದಲ್ಲೊಮ್ಮೆ, ಮಲ್ಲೇಶ್ವರದಲ್ಲೊಮ್ಮೆ ಬಳಸಬಹುದು. ಹೀಗೆ ತಡವಾಗಿ ಬರುವ ಬಿಲ್ಲುಗಳು ಕೆಲವೊಮ್ಮೆ ಎರಡೆರಡು ಸಲ ಬರುತ್ತವೆ. ಬಿಲ್ ನಂಬರ್ ನೋಡಿ ಎರಡನೆಯದನ್ನು ಬಿಡುವುದು ಸುಲಭ ಅನ್ನಿಸುತ್ತದೆ, ಏಪ್ರಿಲ್ 1ರವರೆಗೆ. ಜಿಎಸ್‌ಟಿ ನಿಯಮದಂತೆ ಬಿಲ್ ನಂಬರ್ ಆ ಹಣಕಾಸು ವರ್ಷದೊಳಗೆ ಮಾತ್ರ ಬೇರೆಯಾಗಿದ್ದರೆ ಸಾಕು, ಹಾಗಾಗಿ ಬಹಳ ಅಂಗಡಿಗಳು ಅಂದು ಮತ್ತೆ 1ರಿಂದ ಎಣಿಸುತ್ತವೆ. ಹೊಸ ವರ್ಷದ ಬಿಲ್ಲುಗಳೆಲ್ಲ ಹೋದ ವರ್ಷದವೆಂದು ಕಾಣಿಸಿ, ಯಾರಿಗೂ ಪಾಯಿಂಟ್ ಬೀಳುವುದಿಲ್ಲ, ಪರದೆಯ ಮೇಲೆ ಯಾವ ತಪ್ಪೂ ತೋರುವುದಿಲ್ಲ. ಅಂಗಡಿ ಸಂಕೇತ, ಕೌಂಟರ್ ಸಂಖ್ಯೆ, ತಾರೀಖು, ಬಿಲ್ ನಂಬರ್ ನಾಲ್ಕನ್ನೂ ಸೇರಿಸಿ ಹೋಲಿಸಬೇಕು. ಇದನ್ನು ಏಪ್ರಿಲ್ 2ರ ಬೆಳಿಗ್ಗೆಯೇ ಫೋನ್ ಮಾಡಿ ತಿಳಿಸುವ ಸ್ಟೋರ್ ಮ್ಯಾನೇಜರುಗಳು ಪುಣ್ಯವಂತರು.

ಲೆಕ್ಕಪತ್ರದವರನ್ನೂ ನೆನೆಯಬೇಕು. ಪಾಯಿಂಟ್ ಪುಕ್ಕಟೆಯಲ್ಲ, ಅದು ಅಂಗಡಿಯ ಸಾಲ. 1,000 ರೂಪಾಯಿ ಬಿಲ್ಲಿಗೆ 20 ರೂಪಾಯಿ ಬೆಲೆಯ ಪಾಯಿಂಟ್ ಕೊಟ್ಟು, ಅರ್ಧ ಮಾತ್ರ ಬಳಕೆಯಾಗುತ್ತದೆ ಎಂದು ಅಂದಾಜಿಸಿದರೆ, ಬಂದ ಸಾವಿರವನ್ನು ಸರಕಿನ 1,000ಕ್ಕೂ ಪಾಯಿಂಟಿನ 10ಕ್ಕೂ ಅದೇ ಪ್ರಮಾಣದಲ್ಲಿ ಹಂಚಿ ಸುಮಾರು 9 ರೂಪಾಯಿ 90 ಪೈಸೆಯನ್ನು ಇಂದಿನ ಆದಾಯದಿಂದ ತೆಗೆದು ಮುಂದಕ್ಕೆ ಇಡಬೇಕು. ಆದಾಯವನ್ನು ಲೆಕ್ಕ ಹಿಡಿಯುವ ಮಾನದಂಡವಾದ ಇಂಡ್ ಎಎಸ್ 115 ಕೇಳುವುದು ಇದನ್ನೇ. ಸರಕು ವಾಪಸ್ ಬಂದಾಗ ಪಾಯಿಂಟ್ ಆಗಲೇ ಖರ್ಚಾಗಿದ್ದರೆ ಏನು ಮಾಡಬೇಕೆಂಬ ಜಗಳ ಬಿಡಿಸಿದವರೂ ಇವರೇ: ವಾಪಸಾತಿಯ ಅವಧಿ ಮುಗಿಯುವವರೆಗೆ ಪಾಯಿಂಟ್ ಕಾಣಿಸಲಿ, ಬಳಸಲು ಸಿಗದಿರಲಿ.

ಇನ್ನು ಎಸ್‌ಎಂಎಸ್ ಬರೆಯುವವರು. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡದಲ್ಲಿ 70. ಕನ್ನಡದ್ದು 70 ಮೀರಿದರೆ ಮೆಸೇಜ್ ತುಂಡಾಗುತ್ತದೆ, ತುಂಡಿಗೆ 67. ಒತ್ತು, ಗುಣಿತ ಎಲ್ಲಕ್ಕೂ ಪ್ರತ್ಯೇಕ ಲೆಕ್ಕ: ‘ಕೃತಜ್ಞತೆ’ ಕಣ್ಣಿಗೆ ನಾಲ್ಕಕ್ಷರ, ಟೆಲಿಕಾಂ ಬಿಲ್ಲಿಗೆ ಎಂಟು. ಇಂಗ್ಲಿಷ್ ಮೆಸೇಜಿಗೂ ಒಂದೇ ಒಂದು ₹ ಚಿಹ್ನೆ ಸೇರಿದರೆ ಸಾಕು, ಇಡೀ ಮೆಸೇಜ್ 70ರ ಲೆಕ್ಕಕ್ಕೆ ಬಿದ್ದು ಖರ್ಚು ಎರಡು ಮೂರು ಪಟ್ಟಾಗಬಹುದು. ಇಷ್ಟು ಇಕ್ಕಟ್ಟಿನಲ್ಲೂ ‘ನಿಮ್ಮ ಪಾಯಿಂಟ್ ಇಷ್ಟು, ಈ ತಾರೀಖಿಗೆ ಮುಗಿಯುತ್ತದೆ’ ಎಂಬುದನ್ನು ಅಜ್ಜಿಗೂ ತಿಳಿಯುವ ಕನ್ನಡದಲ್ಲಿ ಬರೆದವರಿದ್ದಾರೆ. ಮೇಲಿನವರು ಬೇಡವೆಂದರೂ ಬರೆದರು.

2021ರ ಮಾರ್ಚ್ 8 ಈ ಕಸುಬಿನವರು ಮರೆಯದ ದಿನ. ಮೊದಲೇ ನೋಂದಾಯಿಸಿದ ಒಕ್ಕಣೆಯ ಮಾದರಿಗೆ ಹೊಂದದ ಮೆಸೇಜುಗಳನ್ನು ಟೆಲಿಕಾಂ ಕಂಪನಿಗಳು ಅಂದು ತಡೆಯತೊಡಗಿದವು, ಬ್ಯಾಂಕುಗಳ ಎಷ್ಟೋ ಓಟಿಪಿಗಳೇ ನಿಂತುಹೋದವು. ಮರುದಿನ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ಆ ತಡೆಯನ್ನು ಒಂದು ವಾರ ಮುಂದೂಡಿತು. ಆ ವಾರದಲ್ಲಿ ಮಾದರಿಗಳನ್ನು ಒಂದೊಂದಾಗಿ ತಿದ್ದಿದವರ ಕೆಲಸ ನೋಡಲು ಸಪ್ಪೆ: ಚುಕ್ಕಿಯ ನಂತರ ಒಂದು ಖಾಲಿ ಜಾಗ ಹೆಚ್ಚಾಗಿದೆ, ಬದಲಾಗುವ ಪದಕ್ಕೆ 30 ಅಕ್ಷರದ ಮಿತಿಯಿದ್ದರೂ ಅಂಗಡಿಯ ಹೆಸರು 34 ಇದೆ, ಹೀಗೆ. ಆ ಸಪ್ಪೆ ಕೆಲಸದಿಂದ ಕೌಂಟರುಗಳಲ್ಲಿ ಪಾಯಿಂಟ್ ಓಟಿಪಿ ಮತ್ತೆ ನಿಲ್ಲದಂತಾಯಿತು.

ಕೊನೆಯದಾಗಿ, ‘ನಂಬರ್ ಯಾಕ್ರೀ ಬೇಕು?’ ಎಂದು ಕೇಳಿದ ಗಿರಾಕಿಗಳಿಗೆ. ಸಾಲು ನಿಲ್ಲಿಸಿ ಕೇಳಿದಿರಿ, ಹಿಂದಿನವರ ಬೈಗುಳ ತಿಂದಿರಿ. 2023ರ ಮೇ ತಿಂಗಳಲ್ಲಿ ಗ್ರಾಹಕ ವ್ಯವಹಾರಗಳ ಸಚಿವಾಲಯ ನಿಮ್ಮ ಮಾತನ್ನೇ ಹೇಳಿತು: ಬಿಲ್ಲಿಗೆ ನಂಬರ್ ಕಡ್ಡಾಯ ಮಾಡಬೇಡಿ. ಅದೇ ವರ್ಷ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು, ಅದರ ನಿಯಮಗಳು ಹೊರಬಿದ್ದದ್ದು ಕ್ಯಾಪಿಲರಿ ಷೇರುಪೇಟೆಗೆ ಬಂದ ಅದೇ ನವೆಂಬರ್‌ನಲ್ಲಿ. ಆ ನಿಯಮಗಳು ಪೂರ್ತಿ ಜಾರಿಗೆ ಬಂದ ಮೇಲೆ, ಯಾತಕ್ಕೆ ಕೇಳುತ್ತಿದ್ದೇವೆ ಎಂಬುದನ್ನು ಕೇಳುವಾಗಲೇ, ಬೇಕೆಂದರೆ ನಿಮ್ಮ ಭಾಷೆಯಲ್ಲೇ ಹೇಳಬೇಕು. ಆ ವಿವರಣೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇವೆ. ಎಸ್‌ಎಂಎಸ್‌ಗೆ ಹಿಡಿಸುವಂತೆ ಇನ್ನೂ ಆಗಿಲ್ಲ, 70 ದಾಟುತ್ತಿದೆ.