ಹಳೆಯ ರೈಫಲ್‌ಗೆ ತೂತು ಕೊರೆಸಬೇಡಿ

ಸಂಪಾದಕರಿಗೆ ನಮಸ್ಕಾರ.

ತಮ್ಮ ಭಾನುವಾರದ ಪುರವಣಿಯಲ್ಲಿ ಹಳೆಯ ಸೈನಿಕ ರೈಫಲ್‌ಗಳಿಗೆ ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸುವ ಹವ್ಯಾಸದ ಬಗ್ಗೆ ಬಂದ ಬರಹವನ್ನು ಎರಡು ಸಲ ಓದಿದೆ. ಇಂಥ ವಿಷಯ ಕನ್ನಡದಲ್ಲಿ ಬರುವುದೇ ಅಪರೂಪ, ಬರೆದವರಿಗೆ ಅಭಿನಂದನೆ. ಆದರೆ ರಿಸೀವರ್ (ನಳಿಗೆಯ ಹಿಂದಿರುವ ಉಕ್ಕಿನ ಮೈ) ಮೇಲೆ ನಾಲ್ಕು ತೂತು ಕೊರೆಸಿ ರೈಲ್ (ಸ್ಕೋಪ್ ಕೂರುವ ಪಟ್ಟಿ) ಬಿಗಿದರೆ ಮುಗಿಯಿತು, ಯಾವ ಲೇಥ್ ಅಂಗಡಿಯಲ್ಲಾದರೂ ಆಗುವ ಕೆಲಸ ಎಂಬ ಅರ್ಥದ ಮಾತು ಅದರಲ್ಲಿದೆ. ಅದನ್ನು ಹಾಗೆಯೇ ಬಿಡಲು ನನಗೆ ಮನಸ್ಸಾಗಲಿಲ್ಲ. ನಾನು ಸೇನೆಯ ಇ.ಎಂ.ಇ. (ಉಪಕರಣ ದುರಸ್ತಿ) ವಿಭಾಗದಲ್ಲಿ ಆರ್ಮರರ್ ಆಗಿ ದುಡಿದು ನಿವೃತ್ತನಾಗಿ ಊರಿಗೆ ಬಂದವನು. ರೈಫಲ್ ಬಿಚ್ಚುವುದು, ತೊಳೆಯುವುದು, ಸರಿಪಡಿಸುವುದು ಇದೇ ನನ್ನ ಅನ್ನ. ಬರಹ ಬಂದ ಮೇಲೆ ಶಿರಸಿ ಕಡೆಯ ಪರಿಚಿತರೊಬ್ಬರು ಫೋನ್ ಮಾಡಿ, ಅಪ್ಪನ ಕಾಲದ .315 ಬೋರ್ (ನಳಿಗೆಯ ಒಳ ಅಳತೆ, ಇಂಚಿನಲ್ಲಿ) ರೈಫಲ್‌ಗೆ ಹಾಗೆ ಮಾಡಿಸಲೇ ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಕಾನೂನು. ಸೇನೆ ಕೈಬಿಟ್ಟ, ಬ್ರಿಟಿಷರ .303 ರೈಫಲ್‌ಗಳಾದ ಲೀ–ಎನ್‌ಫೀಲ್ಡ್‌ಗಳನ್ನು ಅಮೆರಿಕದಲ್ಲಿ ಅಂಗಡಿಯಿಂದ ಕೊಂಡು ತರಬಹುದು. ನಮ್ಮಲ್ಲಿ .303 ನಿಷೇಧಿತ ಬೋರ್, ಸಾಮಾನ್ಯ ಲೈಸೆನ್ಸ್‌ಗೆ ಅದು ಸಿಗುವುದಿಲ್ಲ. ಇಲ್ಲಿನ ಮನೆಗಳಲ್ಲಿರುವುದು ಹೆಚ್ಚಾಗಿ ತೋಟ ಕಾಯುವ ಕೋವಿ, ಅಪರೂಪಕ್ಕೆ ಪಶ್ಚಿಮ ಬಂಗಾಳದ ಇಷಾಪುರ ಬಂದೂಕು ಕಾರ್ಖಾನೆಯ .315. ಈ .315 ಅದೇ ಲೀ–ಎನ್‌ಫೀಲ್ಡ್ ವಂಶದ್ದು, ಗುಂಡು ತಳ್ಳಿ ಮುಚ್ಚುವ ಬೋಲ್ಟ್ ಅದೇ ಬಗೆಯದು, ಗುಂಡು ಮಾತ್ರ ಬೇರೆ. ಹಾಗಾಗಿ ಹೊರದೇಶದ .303 ಮಾಲೀಕರ ಅನುಭವ ನಮಗೂ ಉಪಯೋಗಕ್ಕೆ ಬರುತ್ತದೆ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದವರು ಬಂದೂಕಿನ ರಿಪೇರಿ, ಮಾರ್ಪಾಡು ಮಾಡುವಂತಿಲ್ಲ. ಗ್ರಿಲ್, ಗೇಟು ಮಾಡುವ ಲೇಥ್ ಅಂಗಡಿಯವನ ಕೈಗೆ ರೈಫಲ್ ಕೊಟ್ಟರೆ ಇಬ್ಬರಿಗೂ ಕೇಸು. ಬೇಟೆಯ ಯೋಚನೆ ಇದ್ದರೆ ಅದನ್ನು 1972ರ ವನ್ಯಜೀವಿ ಕಾಯ್ದೆ ಮುಗಿಸಿದೆ. ನಾನು ಬರೆಯುತ್ತಿರುವುದು ಗುರಿ ಅಭ್ಯಾಸ ಮಾಡುವವರಿಗೆ, ಅದರಲ್ಲೂ ಚಾಳೀಸು ಬಂದು ಹಿಂದಿನ ಸೈಟ್ (ಗುರಿ ಹಿಡಿಯುವ ಗುರುತು), ಮುಂದಿನ ಸೈಟ್, ಗುರಿ ಮೂರೂ ಒಟ್ಟಿಗೆ ಕಾಣದಾದವರಿಗೆ. ಸ್ಕೋಪ್‌ನಲ್ಲಿ ಗುರಿಯೂ ಕೂದಲೆಳೆಯ ಗೆರೆಯೂ ಒಂದೇ ದೂರದಲ್ಲಿ ಕಾಣುತ್ತವೆ, ವಯಸ್ಸಾದ ಕಣ್ಣಿಗೆ ಅದು ದೊಡ್ಡ ಆಸರೆ.

ತೂತು ಏಕೆ ಬೇಡ? ರಿಸೀವರ್ ಗಟ್ಟಿ ಮಾಡಿದ ಉಕ್ಕು. ಸಾಧಾರಣ ಡ್ರಿಲ್ ಬಿಟ್ ಅದರ ಮೇಲೆ ಜಾರಿ ಪಕ್ಕಕ್ಕೆ ಓಡುತ್ತದೆ. ತೂತು ಕೂದಲಷ್ಟು ಓರೆಯಾದರೂ ರೈಲ್ ನಳಿಗೆಗೆ ಸಮಾನಾಂತರವಾಗಿ ಕೂರುವುದಿಲ್ಲ. ಆಗ ಸ್ಕೋಪ್‌ನ ತಿರುಗಣೆಯನ್ನು ಕೊನೆಯವರೆಗೆ ತಿರುಗಿಸಿದರೂ ಗುಂಡು ಗುರಿಯ ಪಕ್ಕಕ್ಕೇ ಬೀಳುತ್ತದೆ. ರಿಸೀವರ್‌ನ ಮುಂದಿನ ಉಂಗುರದ ಕೆಳಗೆ ನಳಿಗೆಯ ಮರೆಗಳಿವೆ (ಸ್ಕ್ರೂವಿನಂಥ ಸುತ್ತುಗಳು), ಅದರೊಳಗೆ ಗುಂಡು ಸಿಡಿಯುವ ಚೇಂಬರ್. ಅಲ್ಲಿ ಆಳ ತಪ್ಪಿದರೆ ಅದಕ್ಕೆ ರಿಪೇರಿ ಇಲ್ಲ. 1950–60ರ ದಶಕಗಳಲ್ಲಿ ಅಮೆರಿಕದಲ್ಲಿ ಯುದ್ಧಕಾಲದ ಈ ರೈಫಲ್‌ಗಳು ಅಗ್ಗಕ್ಕೆ ಸಿಕ್ಕಾಗ ಜನ ಅವುಗಳ ಮರದ ಭಾಗ ಕತ್ತರಿಸಿ, ತೂತು ಕೊರೆಸಿ ಬೇಟೆಗೆ ಒಗ್ಗಿಸಿಕೊಂಡರು. ಇಂದು ಅಲ್ಲಿನ ಸಂಗ್ರಾಹಕರು ಹೆಚ್ಚು ಬೆಲೆ ಕೊಡುವುದು ಯಾರೂ ಕೈಯಾಡಿಸದೆ ಉಳಿದವುಗಳಿಗೆ.

ಯುದ್ಧಕಾಲದಲ್ಲೇ ಸ್ಕೋಪ್ ಕೂರಿಸಿರಲಿಲ್ಲವೇ ಎನ್ನಬಹುದು. ಕೂರಿಸಿದ್ದರು, ಆದರೆ ಹೇಗೆಂದು ನೋಡಿ. ಎರಡನೇ ಮಹಾಯುದ್ಧದಲ್ಲಿ ಲೀ–ಎನ್‌ಫೀಲ್ಡ್‌ನ ನಂ. 4 ಮಾದರಿಯ ರೈಫಲ್‌ಗಳಲ್ಲಿ ಚೆನ್ನಾಗಿ ಗುರಿ ಹೊಡೆಯುವಂಥವನ್ನು ಆರಿಸಿ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಎಂಬ ಬಂದೂಕು ತಯಾರಕರಿಗೆ ಕೊಟ್ಟರು. ಅವರು ಎಡಪಕ್ಕದಲ್ಲಿ ಎರಡು ಉಕ್ಕಿನ ಪ್ಯಾಡ್ ಕೂರಿಸಿ, ಬ್ರಾಕೆಟ್ಟನ್ನು ಆಯಾ ರೈಫಲ್‌ಗೇ ಹೊಂದಿಸಿ, ಸ್ಕೋಪ್‌ನ ನಂಬರನ್ನು ಹಿಡಿಮರದ ಮೇಲೆ ಒತ್ತಿದರು. ಒಂದರ ಸ್ಕೋಪ್ ಇನ್ನೊಂದಕ್ಕೆ ಹಾಕುವ ಮಾತೇ ಇರಲಿಲ್ಲ. ಹೀಗೆ 20 ಸಾವಿರಕ್ಕೂ ಹೆಚ್ಚು ರೈಫಲ್ ಸಿದ್ಧವಾದವು. ಅಂಥ ಕುಶಲಿಗರ ಕೆಲಸವನ್ನು ಮೂಲೆಯ ವರ್ಕ್‌ಶಾಪ್‌ನಲ್ಲಿ ಅರ್ಧ ದಿನಕ್ಕೆ ಮುಗಿಸಲು ಹೊರಡುವುದು ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು? ರೈಫಲ್‌ನಲ್ಲಿ ಈಗಾಗಲೇ ಇರುವ ತೂತು, ಪಿನ್ನು, ಸೇತುವೆಗಳನ್ನೇ ಹಿಡಿದು ಕೂರುವ ಮೌಂಟನ್ನು (ಸ್ಕೋಪ್ ಕೂರಿಸುವ ಹಿಡಿಕೆ). ನಂ. 4ರಲ್ಲಿ ಹಿಂದಿನ ಸೈಟ್ ರಿಸೀವರ್ ಮೇಲೆಯೇ ಇದೆ. ಅದನ್ನು ಕಳಚಿ ಅದರ ಪಿನ್ ಜಾಗಕ್ಕೂ ಚಾರ್ಜರ್ ಸೇತುವೆಗೂ (ಗುಂಡುಗಳ ಕ್ಲಿಪ್ ಸಿಕ್ಕಿಸುವ ಅಡ್ಡಪಟ್ಟಿ) ಕಚ್ಚಿಕೊಳ್ಳುವ ಮೌಂಟ್‌ಗಳಿವೆ. ಹಳೆಯ ನಂ. 1ರಲ್ಲಿ ಹಿಂದಿನ ಸೈಟ್ ನಳಿಗೆಯ ಮೇಲಿದೆ. ಅದರ ಪೀಠದ ಮೇಲೆ ಗಿಡ್ಡ ರೈಲ್ ಕೂರಿಸಿದರೆ ಸ್ಕೋಪ್ ಕಣ್ಣಿನಿಂದ ಬಹಳ ಮುಂದಕ್ಕೆ ಹೋಗುತ್ತದೆ. ಸಾಧಾರಣ ಸ್ಕೋಪ್ ಕಣ್ಣಿನಿಂದ 3–4 ಇಂಚು ದೂರಕ್ಕೆ ಮಾಡಿದ್ದು, ಅಲ್ಲಿ ಅದರೊಳಗೆ ಏನೂ ಕಾಣದು. ದೂರದಿಂದ ನೋಡಲೆಂದೇ ಮಾಡಿದ ಸ್ಕೌಟ್ ಸ್ಕೋಪ್ ಬೇಕು. .315ರ ಸೈಟೂ ನಳಿಗೆಯ ಮೇಲೆಯೇ ಇದೆ. ಆದರೆ ಅದರ ಪೀಠದ ಅಳತೆ ಬೇರೆ. .303ಕ್ಕೆಂದು ಮಾಡಿದ ಮೌಂಟ್ ಇದಕ್ಕೂ ಕೂರುತ್ತದೆ ಎಂದು ನಂಬಿ ದುಡ್ಡು ಕೊಡಬೇಡಿ. ಮೊದಲು ವರ್ನಿಯರ್ ಹಿಡಿದು ಅಳೆಯಿರಿ.

ರೈಲ್‌ನಲ್ಲಿ ವೀವರ್, ಪಿಕಟಿನಿ ಎಂದು ಎರಡು ಬಗೆ. ಪಿಕಟಿನಿಯ ಅಳತೆಯನ್ನು ಅಮೆರಿಕದ ಸೇನೆ 1995ರಲ್ಲಿ ನಿಗದಿ ಮಾಡಿತು. ಅಡ್ಡ ಗಾಡಿಯ (ರೈಲ್ ಮೇಲೆ ಕೊರೆದ ತೋಡಿನ) ಅಗಲ 5.23 ಮಿ.ಮೀ., ಒಂದರಿಂದ ಇನ್ನೊಂದಕ್ಕೆ ಸುಮಾರು 10 ಮಿ.ಮೀ., ಎಲ್ಲೆಡೆ ಒಂದೇ. ವೀವರ್‌ನ ಗಾಡಿ ಇನ್ನೂ ಕಿರಿದು, ಅಂತರಕ್ಕೂ ನಿಯಮವಿಲ್ಲ. ವೀವರ್ ರಿಂಗ್ (ಸ್ಕೋಪನ್ನು ಅಪ್ಪಿ ಹಿಡಿಯುವ ಬಳೆ) ಸಾಮಾನ್ಯವಾಗಿ ಪಿಕಟಿನಿಯ ಮೇಲೆ ಕೂರುತ್ತದೆ, ಪಿಕಟಿನಿ ರಿಂಗ್ ವೀವರ್ ಮೇಲೆ ಕೂರದಿರಬಹುದು. ಆದ್ದರಿಂದ ಪಿಕಟಿನಿಯೇ ಇರಲಿ. 20 ಮಿನಿಟ್ (ಡಿಗ್ರಿಯ ಮೂರನೇ ಒಂದು ಭಾಗ) ಇಳಿಜಾರು ಇರುವ ರೈಲ್ ಸಾವಿರ ಗಜ ಹೊಡೆಯುವವರಿಗೆ, 50–100 ಮೀಟರ್ ಅಭ್ಯಾಸಕ್ಕೆ ಅದರಿಂದ ತೊಂದರೆಯೇ ಹೆಚ್ಚು. ಎತ್ತರ ಆದಷ್ಟು ಕಡಿಮೆ ಇರಲಿ. ಈ ರೈಫಲ್‌ಗಳ ಹಿಡಿಮರ ತೆರೆದ ಸೈಟ್‌ಗೆ ತಕ್ಕಂತೆ ಕಡೆದದ್ದು, ಸ್ಕೋಪ್ ಎತ್ತರವಾದರೆ ಕೆನ್ನೆ ಮರಕ್ಕೆ ತಾಗುವುದಿಲ್ಲ, ತಲೆ ಪ್ರತಿ ಸಲ ಬೇರೆ ಕಡೆ ನಿಲ್ಲುತ್ತದೆ.

ಇನ್ನು ಆ ಬರಹದಲ್ಲಿ ಇಲ್ಲದೇ ಹೋದ, ನಮ್ಮ ಕರಾವಳಿಗೇ ಸಂಬಂಧಿಸಿದ ಮಾತು. ಕಾರವಾರದಿಂದ ಭಟ್ಕಳದವರೆಗೆ ಗಾಳಿಯಲ್ಲೇ ಉಪ್ಪಿದೆ. ಉಕ್ಕಿನ ರಿಸೀವರ್ ಮೇಲೆ ಅಲ್ಯೂಮಿನಿಯಂ ರೈಲ್ ಬಿಗಿದು ನಡುವೆ ಉಪ್ಪುನೀರಿನ ಪಸೆ ಸೇರಿದರೆ ಎರಡು ಲೋಹ ಸೇರಿ ಬ್ಯಾಟರಿಯ ಕೆಲಸ ಶುರುವಾಗುತ್ತದೆ, ಅಲ್ಯೂಮಿನಿಯಂ ಬಿಳಿ ಹುಡಿಯಾಗಿ ತಿಂದುಹೋಗುತ್ತದೆ. ಮೇಲಿನ ಕಪ್ಪು ಲೇಪ ಗೀರುಬಿದ್ದ ಕಡೆಯಿಂದಲೇ ಅದು ಸುರು. ಸ್ಕ್ರೂ ಅಂಟಿಕೊಂಡು ತಿರುಗದಾಗುತ್ತದೆ. ತೂಕ ಹೆಚ್ಚಾದರೂ ಚಿಂತೆಯಿಲ್ಲ, ಇಲ್ಲಿಯವರು ಉಕ್ಕಿನ ರೈಲನ್ನೇ ತೆಗೆದುಕೊಳ್ಳಿ. ತುಕ್ಕು ಅದಕ್ಕೂ ಬರುತ್ತದೆ, ಆದರೆ ಎಣ್ಣೆಬಟ್ಟೆಗೆ ಬಗ್ಗುತ್ತದೆ. ಕೂರಿಸುವಾಗ ಲೋಹ ತಾಗುವಲ್ಲಿ ತೆಳುವಾಗಿ ಗ್ರೀಸ್ ಸವರಿ. ಸ್ಕ್ರೂ ಮರೆಗೆ ಮಾತ್ರ ಗ್ರೀಸ್ ಬೇಡ. ಅದನ್ನು ಎಣ್ಣೆಯಿಲ್ಲದಂತೆ ಒರೆಸಿ, ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟಾದ ನೀಲಿ ಲಾಕ್‌ಟೈಟ್ ಒಂದು ಹನಿ ಸಾಕು. ಕೆಂಪು ಲಾಕ್‌ಟೈಟ್ ಚೆನ್ನಾಗಿ ಬಿಸಿ ಮಾಡದೆ ಬಿಡುವುದಿಲ್ಲ, ಹಳೆಯ ಉಕ್ಕಿಗೆ ಆ ಬಿಸಿ ಏಕೆ?

ಮಳೆಗಾಲದಲ್ಲಿ ಗುಂಡಿನ ಗುರಿ ತಪ್ಪಿದರೆ ತಕ್ಷಣ ರೈಲನ್ನು ದೂರಬೇಡಿ. ಲೀ–ಎನ್‌ಫೀಲ್ಡ್‌ನ ಸೈನಿಕ ಮಾದರಿಯಲ್ಲಿ ಮುಂಗೈ ಮರ ಹೆಚ್ಚುಕಡಿಮೆ ನಳಿಗೆಯ ತುದಿಯವರೆಗೂ ಇದೆ. ಜೂನ್ ಬಂದೊಡನೆ ನಮ್ಮ ಬಾಗಿಲುಗಳು ಉಬ್ಬಿಕೊಳ್ಳುವ ಹಾಗೆ ಆ ಮರವೂ ತೇವ ಕುಡಿದು ಉಬ್ಬಿ ನಳಿಗೆಯನ್ನು ಒತ್ತುತ್ತದೆ. ಬೇಸಿಗೆಯಲ್ಲಿ ಹೊಂದಿಸಿದ ಸ್ಕೋಪ್ ಆಗಸ್ಟ್‌ನಲ್ಲಿ ಬೇರೆ ಕಡೆ ತೋರಿಸುತ್ತದೆ. ಮರಕ್ಕೆ ಅಗಸೆ ಎಣ್ಣೆ ತಿನ್ನಿಸುತ್ತಿರಿ.

ಚುನಾವಣೆಯ ಮಾತೂ ಇದೆ. ಚುನಾವಣೆ ಘೋಷಣೆಯಾದೊಡನೆ ಸಾಮಾನ್ಯವಾಗಿ ಇಲ್ಲಿನ ಲೈಸೆನ್ಸ್‌ದಾರರು ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಗುತ್ತದೆ. ಅಲ್ಲಿ ಸಾಲಾಗಿ ಒರಗಿಸಿಟ್ಟ ಬಂದೂಕುಗಳ ನಡುವೆ ಸ್ಕೋಪ್ ಸಮೇತ ನಿಂತ ರೈಫಲ್‌ಗೆ ಪೆಟ್ಟು ಬಿದ್ದೇ ಬೀಳುತ್ತದೆ. ಹಾಗಾಗಿ ಸ್ಕೋಪ್ ಕಳಚಿ ಮನೆಯಲ್ಲಿಟ್ಟು, ಮರಳಿ ಬಂದ ಮೇಲೆ ಅದೇ ಗಾಡಿಯಲ್ಲಿ ಕೂರಿಸಲು ಬರುವ ರಿಂಗ್‌ಗಳೇ ಇರಲಿ. ಯಾವ ಗಾಡಿ ಎಂದು ಪೇಂಟಿನಲ್ಲಿ ಗುರುತು ಹಾಕಿ, ಕೂರಿಸುವಾಗ ರಿಂಗನ್ನು ಮುಂದಕ್ಕೆ ಒತ್ತಿ ಹಿಡಿದು ಬಿಗಿಯಿರಿ. ರೈಫಲ್ ಹಿಂದಕ್ಕೆ ಒದೆಯುವಾಗ ಸ್ಕೋಪ್ ಇದ್ದಲ್ಲೇ ಉಳಿಯಲು ನೋಡುವುದರಿಂದ ಅದರ ಜಗ್ಗಾಟವೆಲ್ಲ ಮುಂದಕ್ಕೆ. ಮೊದಲೇ ಮುಂದಕ್ಕೆ ಒತ್ತಿ ಬಿಗಿದಿದ್ದರೆ ಸರಿಯಲು ಜಾಗವಿರದು.

ಶಿರಸಿಯ ಪರಿಚಿತರು ಈಗ ಲೈಸೆನ್ಸ್ ಪುಸ್ತಕದೊಂದಿಗೆ ಅಧಿಕೃತ ಬಂದೂಕು ಅಂಗಡಿಗೆ ಹೋಗಿ ಅಳತೆ ತೆಗೆಸುತ್ತೇನೆ ಎಂದಿದ್ದಾರೆ. ಆದರೆ ಆ ಬರಹವನ್ನು ಓದಿದವರು ಇನ್ನೂ ಅನೇಕರಿರುತ್ತಾರೆ. ದಯವಿಟ್ಟು ಮುಂದಿನ ಭಾನುವಾರ ಲೇಥ್ ಅಂಗಡಿಯ ಆ ಸಾಲಿಗೆ ತಿದ್ದುಪಡಿ ಪ್ರಕಟಿಸಿ.

— ನಿವೃತ್ತ ಆರ್ಮರರ್, ಸದಾಶಿವಗಡ, ಕಾರವಾರ ತಾಲ್ಲೂಕು